ರೇಷ್ಮೆಯ ಜೀನನ್ನು ಎಲ್ಲಿ ತುಂಡರಿಸಬೇಕು?

ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಈಚೆಗೆ ಒಂದು ಜೆಲ್ ನೋಡಿದೆ, ಡಿಎನ್‌ಎ ತುಣುಕುಗಳನ್ನು ಉದ್ದದ ಪ್ರಕಾರ ಪಟ್ಟಿಗಳಾಗಿ ಬೇರ್ಪಡಿಸಿ ತೋರಿಸುವ ಲೋಳೆಹಾಳೆ. ರೇಷ್ಮೆಯ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಲು ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ನಾಲ್ಕು ಡಿಎನ್‌ಎ ತುಣುಕುಗಳನ್ನು ಜೋಡಿಸಿದ್ದರು. ಒಂದೇ ದಪ್ಪ ಪಟ್ಟಿ ಕಾಣಬೇಕಾದ ಕಡೆ ಏಣಿಯ ಮೆಟ್ಟಿಲಿನಂತೆ ಮೂರು ಪಟ್ಟಿಗಳು, ಎಲ್ಲವೂ ಗಿಡ್ಡ. ಪಕ್ಕದ ಪರದೆಯಲ್ಲಿ ಮಾತ್ರ ನಾಲ್ಕೂ ತುಣುಕುಗಳು ಸಮನಾಗಿ, ಹಸಿರು ಗುರುತು ಹೊತ್ತು ಕೂತಿದ್ದವು. “ತಂತ್ರಾಂಶ ಸರಿ ಎಂದಿತ್ತಲ್ಲ ಸರ್” ಎಂದರು ಆ ವಿದ್ಯಾರ್ಥಿನಿ.

ಉದ್ದದ ಡಿಎನ್‌ಎಯನ್ನು ಒಂದೇ ಉಸಿರಿಗೆ ಬರೆಯಲಾಗದು. ಎ, ಟಿ, ಜಿ, ಸಿ ಎಂಬ ಅದರ ನಾಲ್ಕು ಅಕ್ಷರಗಳನ್ನು ರಾಸಾಯನಿಕವಾಗಿ ಒಂದೊಂದಾಗಿ ಪೋಣಿಸುತ್ತ ಸುಮಾರು 200 ದಾಟುವಷ್ಟರಲ್ಲಿ ತಪ್ಪುಗಳು ತುಂಬಿಕೊಳ್ಳುತ್ತವೆ. ಚೂರುಗಳನ್ನು ಮಾಡಿ ಬೆಸೆಯುವುದೇ ದಾರಿ. ಹರಗೋಬಿಂದ ಖೊರಾನಾ ಅವರ ತಂಡ 1970ರಲ್ಲಿ 77 ಜೋಡಿ ಅಕ್ಷರಗಳ ಯೀಸ್ಟ್ ಜೀನನ್ನು ಹೀಗೆಯೇ ಕಟ್ಟಿತು. ಆಮೇಲಿನ ಮೂರು ದಶಕ, ನಿರ್ದಿಷ್ಟ ಅಕ್ಷರಸಾಲು ಕಂಡಲ್ಲಿ ಡಿಎನ್‌ಎ ಕಡಿಯುವ ಕತ್ತರಿ ಕಿಣ್ವಗಳ ಕಾಲ. ಕಿಣ್ವಕ್ಕೆ ಗುರುತು ಸಿಕ್ಕ ಕಡೆಯೇ ಕತ್ತರಿ. 2002ರ ಹೊತ್ತಿಗೆ ‘ಡಿಎನ್‌ಎ ವರ್ಕ್ಸ್’ನಂಥ ತಂತ್ರಾಂಶಗಳು ಜೀನನ್ನು ಚೂರುಗಳಾಗಿ ಹಂಚುವ ಲೆಕ್ಕವನ್ನು ವಹಿಸಿಕೊಂಡವು.

ದಿಕ್ಕು ಬದಲಾದದ್ದು 2009ರಲ್ಲಿ, ಗಿಬ್ಸನ್ ಜೋಡಣೆ ಬಂದಾಗ. ಅಕ್ಕಪಕ್ಕದ ತುಣುಕುಗಳ ತುದಿಯಲ್ಲಿ 20ರಿಂದ 40 ಅಕ್ಷರ ಒಂದೇ ಆಗಿರಬೇಕು, ಇದೇ ಓವರ್‌ಲ್ಯಾಪ್. ಒಂದು ಕಿಣ್ವ ತುದಿಯಲ್ಲಿ ಒಂದು ಎಳೆಯನ್ನು ಕಡಿದು ಹಿಂದೆ ಸರಿಸುತ್ತದೆ. ಬಯಲಾದ ಎಳೆಗಳು ತಮ್ಮ ಜೊತೆಗಾರನನ್ನು ಹುಡುಕಿ ಕೂಡುತ್ತವೆ. ಎರಡನೆಯ ಕಿಣ್ವ ಸಂದು ತುಂಬುತ್ತದೆ, ಮೂರನೆಯದು ಬೆಸುಗೆ ಹಾಕುತ್ತದೆ. ಎಲ್ಲವೂ ಒಂದೇ ನಳಿಕೆಯಲ್ಲಿ, 50 ಡಿಗ್ರಿಯಲ್ಲಿ, ಒಂದು ಗಂಟೆಯೊಳಗೆ. ಈಗ ಎಲ್ಲಿ ಬೇಕಾದರೂ ತುಂಡರಿಸಬಹುದು ಎಂಬ ಸ್ವಾತಂತ್ರ್ಯ ಬಂತು. ಅದರ ಜೊತೆಗೇ ‘ಇಷ್ಟು ಉದ್ದ, ಇಷ್ಟು ಓವರ್‌ಲ್ಯಾಪ್’ ಎಂದು ಎರಡು ಅಂಕಿ ತುಂಬಿ ಗುಂಡಿ ಒತ್ತುವ ರೂಢಿಯೂ ಬಂತು. ಮರುವರ್ಷ ಅಮೆರಿಕದ ವೆಂಟರ್ ಸಂಸ್ಥೆಯ ತಂಡ 1,078 ತುಣುಕುಗಳಿಂದ ಸುಮಾರು 10.8 ಲಕ್ಷ ಅಕ್ಷರಗಳ ಬ್ಯಾಕ್ಟೀರಿಯಾ ಜೀನೋಮನ್ನು ಯೀಸ್ಟ್ ಕೋಶದೊಳಗೆ ಕಟ್ಟಿ ತೋರಿಸಿತು. ಆ ಸಾಧನೆಯ ನಡುವೆ, ಅಗತ್ಯದ ಜೀನೊಂದರಲ್ಲಿ ಒಂದೇ ಅಕ್ಷರ ಬಿಟ್ಟುಹೋದದ್ದಕ್ಕೆ ಕೆಲಸ ವಾರಗಟ್ಟಲೆ ನಿಂತಿತ್ತು.

ರೇಷ್ಮೆಯ ವಿಷಯದಲ್ಲಿ ತೊಡಕು ಬೇರೆಯೇ. ಮೈಸೂರು, ಮಂಡ್ಯ ಸೀಮೆಯ ಮನೆಗಳಲ್ಲಿ ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆಯುವ ಹುಳು ನೂಲುವ ಫೈಬ್ರಾಯಿನ್ ಎಂಬ ರೇಷ್ಮೆ ಪ್ರೋಟೀನಿನ ದೊಡ್ಡ ಸರಪಳಿಯಲ್ಲಿ 5,263 ಅಮೈನೋ ಆಮ್ಲಗಳಿವೆ. ಅದರ ಬಹುಭಾಗ ಗ್ಲೈಸಿನ್, ಅಲನಿನ್, ಗ್ಲೈಸಿನ್, ಅಲನಿನ್, ಗ್ಲೈಸಿನ್, ಸೆರಿನ್ ಎಂಬ ಒಂದೇ ಪಲ್ಲವಿ. ನೂಲಿಗೆ ಬಲ ಕೊಡುವುದೂ ಇದೇ, ಜೋಡಣೆಯನ್ನು ಕೆಡಿಸುವುದೂ ಇದೇ. ಪಲ್ಲವಿಯ ನಡುವೆ ತುಂಡರಿಸಿದರೆ ಮೊದಲ ತುಣುಕಿನ ಬಾಲಕ್ಕೂ ಮೂರನೆಯದರ ತಲೆಗೂ ವ್ಯತ್ಯಾಸವೇ ಉಳಿಯದು. ಎರಡನೆಯದು ಆಚೆ ಉಳಿದು ಮೊದಲನೆಯದು ನೇರ ಮೂರನೆಯದಕ್ಕೆ ಅಂಟಿಕೊಳ್ಳುತ್ತದೆ. ಜೆಲ್‌ನಲ್ಲಿ ಕಂಡ ಗಿಡ್ಡ ಪಟ್ಟಿಗಳು ಅವೇ. ಪಲ್ಲವಿಗಳ ನಡುವಿನ 11 ಕೊಂಡಿಭಾಗಗಳಲ್ಲಿ ಕತ್ತರಿಸೋಣವೆಂದರೆ ಅವೂ ಒಂದನ್ನೊಂದು ಹೋಲುತ್ತವೆ.

ದಾರಿ ಇಲ್ಲದಿಲ್ಲ. ಒಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರಕ್ಷರದ ಡಿಎನ್‌ಎ ಪದವೇ ಕೋಡಾನ್. ಗ್ಲೈಸಿನ್‌ಗೂ ಅಲನಿನ್‌ಗೂ ನಾಲ್ಕು ನಾಲ್ಕು ಕೋಡಾನ್‌ಗಳಿವೆ, ಸೆರಿನ್‌ಗೆ ಆರು. ಅಂದರೆ ಆ ಆರು ಆಮ್ಲಗಳ ಪಲ್ಲವಿಯನ್ನು, ಪ್ರೋಟೀನ್ ಒಂದಿಷ್ಟೂ ಬದಲಾಗದಂತೆ, 6,144 ಬಗೆಯಲ್ಲಿ ಬರೆಯಬಹುದು. ಮೊದಲು ಕೋಡಾನ್‌ಗಳನ್ನು ಬದಲಿಸಿ ಬದಲಿಸಿ ಬರೆದು, ಪ್ರತಿ ಬೆಸುಗೆಯ ಜಾಗವೂ ಬೇರೆ ಬೇರೆಯಾಗುವಂತೆ ನೋಡಿಕೊಂಡು, ಆಮೇಲೆ ತುಂಡರಿಸಬೇಕು. ಈ ದುಡಿಮೆಗೂ ತಂತ್ರಾಂಶಗಳಿವೆ, ಆದರೆ ಕೇಳಿದರೆ ಮಾತ್ರ ಮಾಡುತ್ತವೆ. ಕೇಳಬೇಕೆಂದು ತಿಳಿಯುವುದು ತುದಿಯ ಅಕ್ಷರಗಳನ್ನು ಕಣ್ಣಿಟ್ಟು ಓದಿದವರಿಗೆ. ಪಿಪೆಟ್ ಹಿಡಿಯಲು ಕಲಿಸುವಷ್ಟು ಶ್ರದ್ಧೆಯಿಂದ ಈ ಓದನ್ನೂ ಕಲಿಸಬೇಕಿತ್ತು. ತುಣುಕುಗಳನ್ನು ಹೊರಗಿನಿಂದ ತರಿಸುವ ಪ್ರಯೋಗಾಲಯದಲ್ಲಿ ಒಂದು ತಪ್ಪು ತುಂಡಿಗೆ ಹಣವೂ ವಾರಗಳೂ ಹೋಗುತ್ತವೆ, ಮತ್ತು ಸಂಶೋಧನಾ ವೇತನದ ಅವಧಿ ಯಾರಿಗೂ ಕಾಯುವುದಿಲ್ಲ.

ಆ ವಿದ್ಯಾರ್ಥಿನಿ ಈಗ ಮೂರು ಬೆಸುಗೆಗಳ ಅಕ್ಷರಗಳನ್ನೂ ಹಾಳೆಯ ಮೇಲೆ ಸಾಲಾಗಿ ಬರೆದು, ಹೋಲುವ ಕಡೆ ಕೆಂಪು ಪೆನ್ಸಿಲಿನ ಗೆರೆ ಎಳೆದಿದ್ದಾರೆ. ಎರಡು ಕಡೆ ತುಂಡರಿಸುವ ಜಾಗ ಬದಲಾಗಿದೆ. ಹೊಸ ತುಣುಕುಗಳು ಇನ್ನೂ ಬಂದಿಲ್ಲ.