ಕ್ಯಾಮೆರಾ ದೃಶ್ಯದ ಮೇಲೆ ಎರಡೆರಡು ಸಮಯ ಏಕೆ?

ಪ್ರಶ್ನೆ: ಮನೆಯ ಸಿಸಿಟಿವಿ ದೃಶ್ಯದ ಮೇಲೆ ದಿನಾಂಕ ಮತ್ತು ಸಮಯ ಎರಡು ಕಡೆ ಕಾಣಿಸುತ್ತವೆ, ಎರಡಕ್ಕೂ ನಾಲ್ಕು ನಿಮಿಷಗಳ ವ್ಯತ್ಯಾಸವಿದೆ. ಆ್ಯಪ್‌ನಲ್ಲಿ ಆಫ್ ಮಾಡಿದರೂ ಒಂದು ಉಳಿದೇ ಇರುತ್ತದೆ. ಹಳೆಯ ರೆಕಾರ್ಡಿಂಗ್‌ಗಳಿಂದ ಅದನ್ನು ಅಳಿಸುವುದು ಹೇಗೆ?

ಉತ್ತರ: ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೆಂದು ಎಣಿಸುವುದನ್ನೇ ಬಿಟ್ಟಿದ್ದೇನೆ. ನಿಮ್ಮ ಉಪಕರಣ ಕೆಟ್ಟಿಲ್ಲ. ಒಂದು ಸಾಲನ್ನು ಕ್ಯಾಮೆರಾ ಬರೆಯುತ್ತಿದೆ, ಇನ್ನೊಂದನ್ನು ಆ್ಯಪ್ ಬರೆಯುತ್ತಿದೆ. ಎರಡೂ ನೋಡುವ ಗಡಿಯಾರಗಳು ಬೇರೆ. ಕ್ಯಾಮೆರಾ ಬರೆಯುವ ಸಾಲು ಬೇಡವಾದರೆ ಅದರ ಐಪಿ ವಿಳಾಸವನ್ನು (ನೆಟ್‌ವರ್ಕ್‌ನಲ್ಲಿ ಅದರ ಗುರುತಿನ ಸಂಖ್ಯೆ) ಬ್ರೌಸರ್‌ನಲ್ಲಿ ತೆರೆದು, ಒಎಸ್‌ಡಿ (ದೃಶ್ಯದ ಮೇಲೆ ಬರೆಯುವ ಅಕ್ಷರಗಳು) ಎಂಬ ವಿಭಾಗದಲ್ಲಿ ಟಿಕ್ ತೆಗೆಯಿರಿ. ಕೆಲವು ಕ್ಯಾಮೆರಾಗಳಲ್ಲಿ ಮೇನ್ ಸ್ಟ್ರೀಮ್‌ಗೂ (ಹೆಚ್ಚು ಸ್ಪಷ್ಟತೆಯ ದೃಶ್ಯ) ಸಬ್ ಸ್ಟ್ರೀಮ್‌ಗೂ (ಕಡಿಮೆ ಸ್ಪಷ್ಟತೆಯ ದೃಶ್ಯ) ಈ ಆಯ್ಕೆ ಪ್ರತ್ಯೇಕವಾಗಿರುವುದರಿಂದ ಎರಡನ್ನೂ ನೋಡಿ.

ಇನ್ನು ಹಳೆಯ ರೆಕಾರ್ಡಿಂಗ್‌ನ ವಿಷಯ. ಅಕ್ಷರಗಳು ದೃಶ್ಯದ ಮೇಲೆ ಹಾಸಿದ ಪಾರದರ್ಶಕ ಹಾಳೆಯಂತಿವೆ, ಸರಿಯಾದ ಸಾಫ್ಟ್‌ವೇರ್ ಸಿಕ್ಕರೆ ಆ ಹಾಳೆಯನ್ನು ಎತ್ತಿಬಿಡಬಹುದು ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಸಿನಿಮಾದ ಸಬ್‌ಟೈಟಲ್‌ಗಳನ್ನು ಬೇಕೆಂದಾಗ ಆಫ್ ಮಾಡುವ ಅಭ್ಯಾಸವೇ ಈ ನಂಬಿಕೆಯ ಮೂಲವಿರಬೇಕು. ಅಲ್ಲಿ ಫೈಲಿನೊಳಗೆ ಅಕ್ಷರಗಳು ಪ್ರತ್ಯೇಕವಾಗಿಯೇ ಇರಬಹುದು, ಇಲ್ಲಿ ಹಾಗಿಲ್ಲ. ಸೆನ್ಸರ್‌ನಿಂದ ಬಂದ ಚಿತ್ರದಲ್ಲಿ, ಅಕ್ಷರ ಬೀಳುವ ಜಾಗದ ಪಿಕ್ಸೆಲ್‌ಗಳನ್ನು ಕ್ಯಾಮೆರಾ ಮೊದಲು ಬಿಳಿಯಾಗಿಸುತ್ತದೆ, ಎಚ್.264 ಅಥವಾ ಎಚ್.265 ಎಂಬ ವಿಧಾನದಲ್ಲಿ ವಿಡಿಯೊ ಗಾತ್ರ ಕುಗ್ಗಿಸುವ ಸಂಕೋಚನ ನಡೆಯುವುದು ಅದರ ನಂತರ. ಆದ್ದರಿಂದ ಸೆಕೆಂಡಿನ ಅಂಕಿಯ ಹಿಂದೆ ವಾಹನದ ನಂಬರ್ ಪ್ಲೇಟ್ ಇದ್ದಿದ್ದರೆ, ಮುಚ್ಚಿಹೋದ ಆ ಭಾಗ ಫೈಲಿಗೆ ಎಂದೂ ಸೇರಿಯೇ ಇಲ್ಲ. ಇಲ್ಲದ್ದನ್ನು ಯಾವ ಸಾಫ್ಟ್‌ವೇರ್ ಹೊರತೆಗೆದೀತು? ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಸಾಫ್ಟ್‌ವೇರ್‌ನಲ್ಲಿ ಲೋಗೋ ಅಳಿಸಲೆಂದಿರುವ ಡಿಲೋಗೋ ಫಿಲ್ಟರ್ ಕೂಡ ಸುತ್ತಲಿನ ಪಿಕ್ಸೆಲ್‌ಗಳ ಬಣ್ಣವನ್ನು ಎಳೆದು ಆ ಜಾಗವನ್ನು ತುಂಬುತ್ತದೆ, ಅಷ್ಟೆ. ನೋಡಲು ಸ್ವಚ್ಛವಾಗಿ ಕಂಡರೂ ಅದು ಊಹೆ. ಪುರಾವೆಯಾಗಿ ಕೊಡಬೇಕಾದ ದೃಶ್ಯಕ್ಕೆ ಅದನ್ನು ಮಾಡಲೇಬೇಡಿ.

ನನ್ನ ಮಾತಿನ ಮೇಲೆ ಅನುಮಾನವಿದ್ದರೆ ದೃಶ್ಯವನ್ನು ನಿಲ್ಲಿಸಿ ಜೂಮ್ ಮಾಡಿ. ಕ್ಯಾಮೆರಾ ಬರೆದ ಅಂಕಿಗಳು ಚಿತ್ರದ ಜೊತೆಗೇ ಹಿಗ್ಗಿ, ಅಂಚುಗಳು ಚೌಕಚೌಕವಾಗಿ ಒಡೆಯುತ್ತವೆ; ಆ್ಯಪ್ ಬರೆದವು ಸಾಮಾನ್ಯವಾಗಿ ಇದ್ದಲ್ಲೇ ಚೊಕ್ಕಟವಾಗಿ ನಿಂತಿರುತ್ತವೆ.

ನಾಲ್ಕು ನಿಮಿಷಗಳ ವ್ಯತ್ಯಾಸಕ್ಕೆ ಕ್ಯಾಮೆರಾ ಮತ್ತು ರೆಕಾರ್ಡರ್ (ದೃಶ್ಯಗಳನ್ನು ಉಳಿಸಿಡುವ ಪೆಟ್ಟಿಗೆ) ಎರಡಕ್ಕೂ ಒಂದೇ ಎನ್‌ಟಿಪಿ ಸರ್ವರ್, ಅಂದರೆ ನೆಟ್‌ವರ್ಕ್ ಮೂಲಕ ಸರಿಯಾದ ಸಮಯ ಹೇಳುವ ಸರ್ವರ್, ಕೊಡಿ. ವ್ಯತ್ಯಾಸ ಸರಿಯಾಗಿ ಗಂಟೆ ಅಥವಾ ಅರ್ಧ ಗಂಟೆಗಳ ಲೆಕ್ಕದಲ್ಲಿದ್ದರೆ ಮೊದಲು ಟೈಮ್ ಝೋನ್ ನೋಡಿ. ಸುರಕ್ಷತೆಗೆಂದು ಕ್ಯಾಮೆರಾಗೆ ಇಂಟರ್‌ನೆಟ್ ಕೊಡದವರು, ರೂಟರ್ ಅಥವಾ ರೆಕಾರ್ಡರ್‌ನಲ್ಲಿ ಎನ್‌ಟಿಪಿ ಸೌಲಭ್ಯವಿದ್ದರೆ, ಅದರಿಂದಲೇ ಸಮಯ ಕೊಡಬಹುದು.

ನೀವು ಕೇಳದಿದ್ದರೂ ಒಂದು ವಿಷಯ ಹೇಳಿಬಿಡುತ್ತೇನೆ. ಕರೆಂಟ್ ಹೋಗಿ ಬಂದಾಗ ಕೆಲವು ಕ್ಯಾಮೆರಾಗಳು 1970ರ ಜನವರಿ 1 ಎಂದು ತೋರಿಸುವುದು ವೈರಸ್‌ನಿಂದಲ್ಲ. ಇಂಥ ಉಪಕರಣಗಳೊಳಗೆ ಸಾಮಾನ್ಯವಾಗಿರುವ ಯುನಿಕ್ಸ್ ಮಾದರಿಯ ಆಪರೇಟಿಂಗ್ ವ್ಯವಸ್ಥೆಗಳು ಸೆಕೆಂಡುಗಳನ್ನು ಎಣಿಸಲು ಶುರುಮಾಡುವುದೇ ಆ ದಿನದಿಂದ. ಸಮಯ ಮರೆತ ಕ್ಯಾಮೆರಾ ಸೊನ್ನೆಗೆ ಮರಳಿರುತ್ತದೆ. ಈ ಎಣಿಕೆಯನ್ನು 32 ಬಿಟ್‌ಗಳಲ್ಲಿ ಇಡುವ ಹಳೆಯ ಉಪಕರಣಗಳಲ್ಲಿ 2038ರ ಜನವರಿ 19ರಂದು ಜಾಗ ಮುಗಿಯುತ್ತದೆ, ಮರು ಸೆಕೆಂಡಿಗೇ ಎಣಿಕೆ ಋಣ ಸಂಖ್ಯೆಗೆ ಹೊರಳಿ ಅವು 1901ನೇ ಇಸವಿಗೆ ಹೋಗಬಹುದು. ಆ ದಿನವೂ ಇದೇ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತು.