ಮೈದಾ, ಮೊಟ್ಟೆ, ಬೆಣ್ಣೆ ಇಲ್ಲದ ರಾಗಿ ಕುಕೀಸ್ ಯಾಕೆ ಪುಡಿಪುಡಿ ಆಗುತ್ತದೆ?

ಪ್ರಶ್ನೆ: ಬೆಳಗಿನ ತಿಂಡಿಗೆ ಅಂತ ರಾಗಿ ಹಿಟ್ಟಿನ ಕುಕೀಸ್ ಮಾಡಿದೆ. ಗೋಧಿ, ಮೈದಾ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಹಾಕಿಲ್ಲ. ರುಚಿ ಪರವಾಗಿಲ್ಲ, ಆದರೆ ಕೈಯಲ್ಲಿ ಹಿಡಿದರೆ ಉದುರಿ ಹೋಗುತ್ತದೆ, ತಿಂದರೆ ಗಂಟಲಲ್ಲಿ ಹಿಟ್ಟು ಹಿಟ್ಟು. ಮೊಟ್ಟೆ ಇಲ್ಲ ಅಂದರೆ ಇಷ್ಟೇನಾ?

ಇಷ್ಟೇ ಅಲ್ಲ. ಚೆನ್ನಾಗಿ ಮಾಡಬಹುದು, ಅದಕ್ಕೆ ದುಬಾರಿ ಸಾಮಾನೂ ಬೇಡ. ಈ ಪ್ರಶ್ನೆ ಕೇಳುವವರಲ್ಲಿ ಬಹಳಷ್ಟು ಜನ ಮೊಟ್ಟೆಯ ಬದಲಿಗೆ ಏನು ಹಾಕಲಿ ಅಂತ ಹುಡುಕುತ್ತಾ ಇರುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ನೀರನ್ನು. ರಾಗಿ ಹಿಟ್ಟಿಗೆ ಸಾಕಷ್ಟು ನೀರು ಸಿಕ್ಕಿಲ್ಲ, ಸಿಕ್ಕಿದ್ದನ್ನು ಕುಡಿಯುವುದಕ್ಕೆ ಸಮಯವೂ ಸಿಕ್ಕಿಲ್ಲ. ಪುಡಿಯಾಗುವುದಕ್ಕೂ ಗಂಟಲಲ್ಲಿ ಹಿಟ್ಟು ಸಿಕ್ಕಿಕೊಂಡ ಹಾಗೆ ಆಗುವುದಕ್ಕೂ ಮುಖ್ಯ ಕಾರಣ ಇದೇ.

ಗೋಧಿಯಲ್ಲಿ ಗ್ಲುಟೆನಿನ್, ಗ್ಲಿಯಾಡಿನ್ ಅಂತ ಎರಡು ಬಗೆಯ ಪ್ರೋಟೀನ್ ಇರುತ್ತವೆ. ನೀರು ಹಾಕಿ ಕಲಸಿದ ಕೂಡಲೇ ಅವು ಸೇರಿಕೊಂಡು ಗ್ಲುಟೆನ್ ಆಗುತ್ತದೆ, ಆ ಜಿಗುಟು ಹಿಟ್ಟನ್ನೆಲ್ಲ ಹಿಡಿದುಕೊಳ್ಳುತ್ತದೆ. ಅದಕ್ಕೇ ಚಪಾತಿ ಹಿಟ್ಟು ತಣ್ಣೀರಿನಲ್ಲಿ ಕಲಸಿದರೂ ಎಳೆದಷ್ಟು ಬರುತ್ತದೆ. ರಾಗಿ, ಜೋಳ, ಅಕ್ಕಿ, ನವಣೆ, ಸಜ್ಜೆ ಇವುಗಳಲ್ಲಿ ಇದು ಇಲ್ಲ. ಹಾಗಾದರೆ ಇವು ಅಂಟುವುದು ಯಾವುದರಿಂದ? ಜೋಳದ ರೊಟ್ಟಿ ಮಾಡುವವರನ್ನು ನೋಡಿ, ಎಸರು ಕುದಿಸಿ ಹಿಟ್ಟಿಗೆ ಹಾಕಿ ನಾದುತ್ತಾರೆ. ಮುದ್ದೆಗೂ ಅಷ್ಟೇ, ಕುದಿಯುವ ಎಸರಿಗೇ ಹಿಟ್ಟು. ಬಿಸಿ ನೀರಿನಲ್ಲಿ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ, ಗ್ಲುಟೆನ್ ಮಾಡುವ ಕೆಲಸವನ್ನು ಆ ಅಂಟು ಮಾಡುತ್ತದೆ. ಗ್ಲುಟೆನ್ ಇಲ್ಲದ ಹಿಟ್ಟನ್ನು ಹೇಗೆ ಹಿಡಿದಿಡಬೇಕು ಅನ್ನುವುದು ನಮ್ಮ ಅಡುಗೆಮನೆಗಳಿಗೆ ತಲೆಮಾರುಗಳಿಂದ ಗೊತ್ತು. ಕುಕೀಸ್ ಅಂದ ತಕ್ಷಣ ಮೈದಾ ಜಾಗಕ್ಕೆ ಅಷ್ಟೇ ರಾಗಿ ಹಾಕಿ, ಉಳಿದದ್ದೆಲ್ಲ ಮೈದಾ ಕುಕೀಸ್ ಥರವೇ ಮಾಡುವುದರಿಂದ ತೊಂದರೆ ಆಗುತ್ತದೆ.

ಅದಕ್ಕೆ ಎರಡು ದಾರಿ ಇವೆ. ಒಂದು, ಸ್ವಲ್ಪ ಹಿಟ್ಟನ್ನು ಮೊದಲೇ ಬೇಯಿಸಿಕೊಳ್ಳುವುದು. ಒಂದು ದೊಡ್ಡ ಚಮಚ ರಾಗಿ ಹಿಟ್ಟನ್ನು ಕಾಲು ಕಪ್ ನೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಗಟ್ಟಿ ಗಂಜಿ ಮಾಡಿಕೊಳ್ಳಿ. ತಣ್ಣಗಾದ ಮೇಲೆ ಅದೇ ನಿಮ್ಮ ಮೊಟ್ಟೆ. ಇನ್ನೊಂದು, ಅಗಸೆ ಬೀಜ. ಉತ್ತರ ಕರ್ನಾಟಕದವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ, ಚಟ್ನಿಪುಡಿಗೆ ಅಂತ ಮನೆಯಲ್ಲಿ ಇದ್ದೇ ಇರುತ್ತದೆ. ಆದರೆ ಇಲ್ಲಿಗೆ ಉಪ್ಪು ಖಾರದ ಪುಡಿ ಅಲ್ಲ, ಬರೀ ಬೀಜ ಬೇಕು. ಒಂದು ದೊಡ್ಡ ಚಮಚ ಪುಡಿಗೆ ಮೂರು ದೊಡ್ಡ ಚಮಚ ನೀರು ಹಾಕಿ ಹತ್ತು ಹದಿನೈದು ನಿಮಿಷ ಬಿಟ್ಟರೆ ಲೋಳೆ ಲೋಳೆಯಾಗುತ್ತದೆ. ಇಡೀ ಬೀಜ ನೆನೆಸಿದರೆ ಇಷ್ಟು ಚೆನ್ನಾಗಿ ಬರುವುದಿಲ್ಲ, ಪುಡಿಯೇ ಆಗಬೇಕು. ಪುಡಿ ಮಾಡಿದ್ದು ಬೇಗ ಕಮಟು ವಾಸನೆ ಬರುತ್ತದೆ, ಅದರಲ್ಲಿ ಎಣ್ಣೆ ಜಾಸ್ತಿ. ಸ್ವಲ್ಪ ಸ್ವಲ್ಪವೇ ಪುಡಿ ಮಾಡಿ ಫ್ರಿಜ್‌ನಲ್ಲಿ ಇಡಿ.

ಇದರ ಜೊತೆಗೆ ಹುರಿಹಿಟ್ಟು ಇದ್ದರೆ ಕೆಲಸ ಇನ್ನೂ ಸುಲಭ. ರಾಗಿಯನ್ನು ಸ್ವಲ್ಪ ತೇವ ಮಾಡಿ, ಬಿಸಿಯಲ್ಲಿ ಅರಳು ಬರುವ ಹಾಗೆ ಹುರಿದು ಬೀಸಿದ ಹಿಟ್ಟು ಅದು. ಅರಳುವಾಗಲೇ ಪಿಷ್ಟ ಬೆಂದಿರುವುದರಿಂದ ನೀರನ್ನು ತಕ್ಷಣ ಹೀರಿಕೊಂಡು ಅಂಟಿಕೊಳ್ಳುತ್ತದೆ, ಪರಿಮಳವೂ ಬೇರೆ. ಹಾಗಂತ ಪೂರ್ತಿ ಹುರಿಹಿಟ್ಟಿನಲ್ಲೇ ಮಾಡಿದರೆ ಮುದ್ದೆಯಾಗಿ ಬಾಯಿಗೆ ಮೆತ್ತಿಕೊಳ್ಳುತ್ತದೆ, ನಾಲ್ಕರಲ್ಲಿ ಒಂದು ಪಾಲು ಸಾಕು. ಅಂಗಡಿಯದ್ದು ತಂದರೆ ಸಕ್ಕರೆ, ಹಾಲಿನ ಪುಡಿ ಸೇರಿಸಿದ್ದಾರಾ ಅಂತ ಪ್ಯಾಕೆಟ್ ತಿರುಗಿಸಿ ನೋಡಿ.

ಈಗ ಅಳತೆ. ಸಾದಾ ರಾಗಿ ಹಿಟ್ಟು 100 ಗ್ರಾಂ, ಹುರಿಹಿಟ್ಟು 30 ಗ್ರಾಂ. ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ 100 ಗ್ರಾಂ, ಇದನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಮೊದಲು ಪುಡಿಯಾಗಿ ಆಮೇಲೆ ಎಣ್ಣೆ ಬಿಟ್ಟುಕೊಂಡು ಪೇಸ್ಟ್ ಆಗುವ ತನಕ. ಚೆನ್ನಾಗಿ ಕಳಿತ ಬಾಳೆಹಣ್ಣು ಸಿಪ್ಪೆ ತೆಗೆದ ಮೇಲೆ 120 ಗ್ರಾಂ. ಎಂಟು ಹತ್ತು ಮೆತ್ತನೆ ಖರ್ಜೂರ, ಬಿಸಿ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ ನೀರು ಬಸಿದದ್ದು. ಅಗಸೆ ಲೋಳೆ ಅಥವಾ ರಾಗಿ ಗಂಜಿ, ಮೇಲೆ ಹೇಳಿದಷ್ಟು. ಕೊಬ್ಬರಿ ಎಣ್ಣೆ ಒಂದು ದೊಡ್ಡ ಚಮಚ, ಬೇಕಿಂಗ್ ಪೌಡರ್ ಒಂದು ಚಿಕ್ಕ ಚಮಚ, ಎರಡು ಚಿಟಿಕೆ ಉಪ್ಪು, ಏಲಕ್ಕಿ, ಎಳ್ಳು. ಉಪ್ಪು ಬಿಡಬೇಡಿ, ಉಪ್ಪಿಲ್ಲದ ರಾಗಿ ಕುಕೀಸ್ ಸಪ್ಪೆ ಸಪ್ಪೆ.

ಬಾಳೆಹಣ್ಣಿನ ಬಗ್ಗೆ ಒಂದು ಮಾತು. ಪಚ್ಚಬಾಳೆ ಆದರೆ ಒಂದೋ ಒಂದೂವರೆಯೋ ಸಾಕು, ಏಲಕ್ಕಿ ಬಾಳೆ ಆದರೆ ಎರಡು ಮೂರು ಬೇಕು. ಎಣಿಸಿ ಹಾಕುವುದಕ್ಕಿಂತ ತೂಕ ಮಾಡುವುದೇ ವಾಸಿ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದಿರಬೇಕು. ಹಸಿರು ಬಿಡದ ಹಣ್ಣಿನಲ್ಲಿ ಸಿಹಿ ಇರುವುದಿಲ್ಲ, ಆಮೇಲೆ ಬೆಲ್ಲ ಸುರಿಯಬೇಕಾಗುತ್ತದೆ.

ಖರ್ಜೂರ, ಬಾಳೆಹಣ್ಣು, ಕಡಲೆಕಾಯಿ ಪೇಸ್ಟ್, ಅಗಸೆ, ಎಣ್ಣೆ ಎಲ್ಲವನ್ನೂ ಒಟ್ಟಿಗೆ ನುಣ್ಣಗೆ ಮಾಡಿ, ಹಿಟ್ಟುಗಳನ್ನು ಜರಡಿ ಹಿಡಿದು ಸೇರಿಸಿ ಕಲಸಿ. ಬೇಕಿಂಗ್ ಪೌಡರ್ ಈಗಲೇ ಹಾಕಬೇಡಿ. ಮುಚ್ಚಿಟ್ಟು ಅರ್ಧ ಗಂಟೆ ಬಿಟ್ಟುಬಿಡಿ. ದಯವಿಟ್ಟು ಈ ಅರ್ಧ ಗಂಟೆಯನ್ನು ತಪ್ಪಿಸಬೇಡಿ, ಇಡೀ ಉತ್ತರದಲ್ಲಿ ನಾನು ಒಂದೇ ಒಂದು ಮಾತನ್ನು ಒತ್ತಿ ಹೇಳುವುದಾದರೆ ಇದನ್ನೇ ಹೇಳುತ್ತೇನೆ. ಕಲಸಿದಾಗ ಅಂಟಂಟಾಗಿ ಇದ್ದದ್ದು ಅರ್ಧ ಗಂಟೆಯಲ್ಲಿ ಬಿಗಿಯಾಗುತ್ತದೆ, ಹಿಟ್ಟು ನೀರು ಕುಡಿದಿದೆ ಅಂತ ಅರ್ಥ. ತೀರಾ ಗಟ್ಟಿಯಾಗಿ ಉಂಡೆ ಕಟ್ಟಿದಾಗ ಬಿರುಕು ಬಿಟ್ಟರೆ ಖರ್ಜೂರ ನೆನೆಸಿದ ನೀರು ಒಂದೆರಡು ಚಮಚ ಹಾಕಿ. ಕಲಸಿದ ಕೂಡಲೇ ಅಂಟುತ್ತದೆ ಅಂತ ಇನ್ನಷ್ಟು ಹಿಟ್ಟು ಹಾಕಿಬಿಡುವುದು ಎಲ್ಲರಿಗೂ ಬರುವ ಆಸೆ. ಆದರೆ ಹಾಗೆ ಹಾಕಿದ್ದೇ ಆಮೇಲೆ ಪುಡಿಪುಡಿ ಆಗುವುದು.

ಅರ್ಧ ಗಂಟೆ ಆದ ಮೇಲೆ ಬೇಕಿಂಗ್ ಪೌಡರ್ ಸೇರಿಸಿ, ಕೈ ಒದ್ದೆ ಮಾಡಿಕೊಂಡು ನಿಂಬೆ ಗಾತ್ರದ ಉಂಡೆ ಕಟ್ಟಿ ಒಂದು ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ. ಬೆಣ್ಣೆ ಸಕ್ಕರೆ ಕುಕೀಸ್ ಒಲೆಯಲ್ಲಿ ಕರಗಿ ಹರಡುತ್ತವೆ, ಇವು ಹರಡುವುದಿಲ್ಲ, ನೀವು ತಟ್ಟಿದ ಆಕಾರವೇ ಕೊನೆಗೂ ಉಳಿಯುತ್ತದೆ. ಸುಮಾರು 16 ಆಗುತ್ತವೆ. ಮೊದಲೇ ಕಾಯಿಸಿದ ಓವನ್ ಅಥವಾ ಒಟಿಜಿಯಲ್ಲಿ 170 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ಕಂದು ಬಣ್ಣ ಬರಲಿ ಅಂತ ಕಾಯಬೇಡಿ, ರಾಗಿ ಮೊದಲೇ ಆ ಬಣ್ಣ ಅಲ್ವಾ. ಅಂಚು ಮುಟ್ಟಿದರೆ ಗಟ್ಟಿ, ನಡುವೆ ಸ್ವಲ್ಪ ಮೆತ್ತಗೆ, ಅಡಿಭಾಗ ಒಣಗಿರಬೇಕು. ತೆಗೆದ ತಕ್ಷಣ ಎತ್ತಿದರೆ ಮುರಿಯುತ್ತದೆ, ಹತ್ತು ಹದಿನೈದು ನಿಮಿಷ ಟ್ರೇ ಮೇಲೇ ಇರಲಿ. ಆರುತ್ತಾ ಆರುತ್ತಾ ಗಟ್ಟಿಯಾಗುತ್ತದೆ. ಬಿಸ್ಕತ್ತಿನ ಹಾಗೆ ಕಟುಂ ಅನ್ನುವುದಿಲ್ಲ, ಇದು ಮೆತ್ತನೆಯ ಕುಕೀಸ್.

ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಅಡಿಗೆ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ. ಕುಕ್ಕರ್ ಬಳಸಿದರೆ ಗ್ಯಾಸ್ಕೆಟ್, ವಿಷಲ್ ಎರಡೂ ತೆಗೆದಿರಲೇಬೇಕು.

ಕಡಲೆಕಾಯಿ ಅಲರ್ಜಿ ಇರುವವರ ಮನೆಯಲ್ಲಿ ಎಳ್ಳಿನ ಪೇಸ್ಟ್ ಹಾಕಬಹುದು, ಎಳ್ಳೂ ಕೆಲವರಿಗೆ ಆಗುವುದಿಲ್ಲ ಅನ್ನುವುದು ನೆನಪಿರಲಿ. ಸೂರ್ಯಕಾಂತಿ ಬೀಜ ಇನ್ನೊಂದು ದಾರಿ. ಅದನ್ನು ಹಾಕಿದರೆ ಮಾರನೇ ದಿನ ಕುಕೀಸ್ ಒಳಗೆ ಹಸಿರು ಛಾಯೆ ಬರಬಹುದು. ಬೂಸ್ಟು ಅಂತ ಹೆದರಬೇಡಿ, ಬೀಜದಲ್ಲಿರುವ ಒಂದು ಅಂಶ ಬೇಕಿಂಗ್ ಪೌಡರಿನ ಸೋಡಾ ಜೊತೆ ಸೇರಿ ಆ ಬಣ್ಣ ಬರುತ್ತದೆ, ಏನೂ ಆಗುವುದಿಲ್ಲ. ರಾಗಿ ಬದಲು ಜೋಳದ ಹಿಟ್ಟೂ ನಡೆಯುತ್ತದೆ. ಸಜ್ಜೆ ಹಿಟ್ಟು ಮಾತ್ರ ಹೊಸದಾಗಿ ಬೀಸಿದ್ದಾಗಿರಲಿ, ಇಟ್ಟರೆ ಬೇಗ ಕಹಿಯಾಗುತ್ತದೆ.

ಇನ್ನು ಇದು ತಿಂಡಿ ಆಗುತ್ತದಾ? ಲೆಕ್ಕ ಹಾಕೋಣ. ಈ ಅಳತೆಯಲ್ಲಿ ಒಂದು ಕುಕೀಸ್‌ಗೆ ಹೆಚ್ಚುಕಡಿಮೆ 90ರಿಂದ 100 ಕ್ಯಾಲೊರಿ, ಪ್ರೋಟೀನ್ ಎರಡು ಗ್ರಾಂಗಿಂತ ಸ್ವಲ್ಪ ಜಾಸ್ತಿ. ಮೂರು ತಿಂದರೆ ಸುಮಾರು ಏಳು ಗ್ರಾಂ, ಅದರಲ್ಲಿ ದೊಡ್ಡ ಪಾಲು ಕಡಲೆಕಾಯಿಯದ್ದು. ಅದಕ್ಕೇ ಕಡಲೆಕಾಯಿ ಕಡಿಮೆ ಮಾಡಿ ಖರ್ಜೂರ ಜಾಸ್ತಿ ಮಾಡಬೇಡಿ, ಹಾಗೆ ಮಾಡಿದರೆ ಇದು ಸಿಹಿತಿಂಡಿ ಆಗಿಬಿಡುತ್ತದೆ. ಕ್ಯಾಲ್ಸಿಯಂ ವಿಷಯಕ್ಕೆ ಬಂದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಇರುತ್ತದೆ, ಧಾನ್ಯಗಳಲ್ಲಿ ಅದು ದೊಡ್ಡ ಅಂಕಿ. ಆದರೆ ಮೂರು ಕುಕೀಸ್‌ನಲ್ಲಿ ಬರುವ ರಾಗಿ ಲೆಕ್ಕಕ್ಕೆ ಸುಮಾರು 90 ಮಿಲಿಗ್ರಾಂ ಅಷ್ಟೇ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. ಹಾಲು ಬಿಟ್ಟವರು ಬರೀ ಇದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ, ಸೊಪ್ಪು, ಎಳ್ಳು, ಕಾಳು ಎಲ್ಲ ಬೇಕು. ಪೂರ್ತಿ ವೀಗನ್ ಆದವರು, ಅಂದರೆ ಹಾಲು, ಮೊಟ್ಟೆ, ಜೇನು ಹೀಗೆ ಪ್ರಾಣಿಗಳಿಂದ ಬರುವ ಯಾವುದನ್ನೂ ತಿನ್ನದವರು, ಬಿ12 ವಿಟಮಿನ್ ಬಗ್ಗೆ ಡಾಕ್ಟರ ಹತ್ತಿರ ಕೇಳಲೇಬೇಕು, ಅದು ರಾಗಿಯಲ್ಲೂ ಇಲ್ಲ, ಕಡಲೆಕಾಯಿಯಲ್ಲೂ ಇಲ್ಲ.

ಬೆಲ್ಲ ಹಾಕಿದರೆ ಆರೋಗ್ಯ ಅನ್ನುವ ಮಾತು ತುಂಬಾ ಓಡಾಡುತ್ತದೆ. ಬೆಲ್ಲವೂ ಬಹುಪಾಲು ಸಕ್ಕರೆಯೇ, ಕ್ಯಾಲೊರಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಬೇಕೆನಿಸಿದರೆ ಒಂದು ಚಮಚ ಹಾಕಿ, ರುಚಿಗೆ ಅಂತ ಹಾಕಿ. ಖರ್ಜೂರದಲ್ಲೂ ಸಕ್ಕರೆ ಇದ್ದೇ ಇದೆ, ಜೊತೆಗೆ ನಾರು ಇದೆ ಅಷ್ಟೇ. ಡಯಾಬಿಟಿಸ್ ಇರುವವರು ರಾಗಿ ಅಂತ ಸುಮ್ನೆ ನಾಲ್ಕೈದು ತಿನ್ನಬೇಡಿ.

ಗ್ಲುಟೆನ್ ವಿಷಯದಲ್ಲಿ ನನಗೆ ನಿಜವಾಗಿ ಆತಂಕ ಇರುವುದು ಸೀಲಿಯಾಕ್ ಕಾಯಿಲೆ ಇರುವವರ ಬಗ್ಗೆ. ಅವರಿಗೆ ಇದು ಫ್ಯಾಷನ್ ಅಲ್ಲ, ಚೂರೇ ಚೂರು ಗೋಧಿ ಹಿಟ್ಟು ಸೇರಿದರೂ ಕರುಳಿಗೆ ಪೆಟ್ಟು. ಫ್ಲೋರ್ ಮಿಲ್‌ನಲ್ಲಿ ನಿಮ್ಮ ರಾಗಿಗೆ ಮುಂಚೆ ಯಾರದ್ದೋ ಗೋಧಿ ಬೀಸಿರುತ್ತಾರೆ, ಆ ಹಿಟ್ಟು ನಿಮ್ಮ ಡಬ್ಬಿಗೂ ಬರುತ್ತದೆ. ಹಾಗಾಗಿ ಅಂಥವರ ಮನೆಯಲ್ಲಿ ಗ್ಲುಟೆನ್ ಫ್ರೀ ಅಂತ ನಮೂದಿಸಿದ ಹಿಟ್ಟನ್ನೇ ತರಬೇಕು, ಇಲ್ಲವೇ ಮನೆಯಲ್ಲೇ ಬೀಸಿಕೊಳ್ಳಬೇಕು. ನಮ್ಮ ದೇಶದ ನಿಯಮದಲ್ಲಿ ಹಾಗೆ ಬರೆಯಬೇಕಾದರೆ ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ದಾಟಬಾರದು. ಓಟ್ಸ್‌ಗೂ ಇದೇ ಮಾತು, ಅದರಲ್ಲಿ ಗೋಧಿ, ಬಾರ್ಲಿ ಬೆರೆತಿರುವುದು ಸಾಮಾನ್ಯ. ಕಾಯಿಲೆ ಇದೆಯೇನೋ ಅನ್ನುವ ಅನುಮಾನ ಮಾತ್ರ ಇದ್ದವರು ಗೋಧಿ ಬಿಡುವುದಕ್ಕೆ ಮೊದಲೇ ಪರೀಕ್ಷೆ ಮಾಡಿಸಿ, ಬಿಟ್ಟ ಮೇಲೆ ಮಾಡಿಸಿದರೆ ರಕ್ತದಲ್ಲಿ ಸರಿಯಾಗಿ ಗೊತ್ತಾಗದೇ ಹೋಗಬಹುದು. ಏನೂ ತೊಂದರೆ ಇಲ್ಲದವರು ಗೋಧಿಗೆ ಹೆದರಬೇಕಾಗಿಲ್ಲ.

ಅಂಗಡಿಯ ರಾಗಿ ಬಿಸ್ಕತ್ತು ಸಾಕಲ್ವಾ ಅಂತ ಕೇಳುವವರು ಪದಾರ್ಥಗಳ ಪಟ್ಟಿ ಓದಿ. ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು ಅನ್ನುವುದು ನಿಯಮ, ಎಷ್ಟೋ ಪ್ಯಾಕೆಟ್‌ಗಳಲ್ಲಿ ಮೊದಲು ಸಿಗುವುದು ಗೋಧಿ ಹಿಟ್ಟು ಇಲ್ಲವೇ ಮೈದಾ. ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ವೀಗನ್ ಆಗುವುದಿಲ್ಲ, ಹಾಲು, ತುಪ್ಪ, ಜೇನು ಇದ್ದರೂ ಆ ಚುಕ್ಕೆ ಇರುತ್ತದೆ. ವೀಗನ್ ಆಹಾರಕ್ಕೆ 2022ರ ನಿಯಮದ ಪ್ರಕಾರ ಬೇರೆಯೇ ಗುರುತು ಇದೆ.

ಬಾಳೆಹಣ್ಣು ಇರುವುದರಿಂದ ಇವು ಹೊರಗೆ ಎರಡು ದಿನಕ್ಕಿಂತ ಇಡುವುದು ಬೇಡ, ಮಂಗಳೂರು, ಉಡುಪಿ ಕಡೆಯ ಸೆಖೆಯಲ್ಲಿ ಒಂದೇ ದಿನ ಅಂತ ಇಟ್ಟುಕೊಳ್ಳಿ. ಫ್ರಿಜ್‌ನಲ್ಲಿ ನಾಲ್ಕೈದು ದಿನ ಇರುತ್ತವೆ. ಬೆಳಿಗ್ಗೆ ಸ್ಕೂಲು, ಆಫೀಸು ಅಂತ ಓಡುವವರು ರಾತ್ರಿಯೇ ಹಿಟ್ಟು ಕಲಸಿ ಫ್ರಿಜ್‌ನಲ್ಲಿಟ್ಟು, ಎದ್ದ ಮೇಲೆ ಬೇಕಿಂಗ್ ಪೌಡರ್ ಸೇರಿಸಿ ತಟ್ಟಿದರೆ ಅರ್ಧ ಗಂಟೆ ಕಾಯುವುದೂ ತಪ್ಪುತ್ತದೆ, ರಾತ್ರಿಯೆಲ್ಲ ನೆಂದ ಹಿಟ್ಟಿನ ಕುಕೀಸ್ ಇನ್ನೂ ನುಣುಪಾಗಿ ಬರುತ್ತದೆ.