ಹಳೆ ಶಾಲೆಯ ಗೋಡೆಗೆ ಸಿಮೆಂಟ್ ಬೇಡ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಸಣ್ಣ ಊರುಗಳಲ್ಲಿ ನಿಜಾಮರ ಕಾಲದ ಇಟ್ಟಂಗಿ ಶಾಲೆಗಳು ಅಲ್ಲಲ್ಲಿ ಉಳಿದಿವೆ. ಅಲ್ಲಿನ ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯವರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ: "ಸರ್, ಗೋಡಿ ಕೆಳಗ ಉದುರ್ಲಾಕತ್ತದ್ರಿ. ಸಿಮೆಂಟ್ ಹೊಡೆಸಿದ್ರ ನಡೀತದಲ್ರಿ?"

ನಡೆಯುವುದಿಲ್ಲ. ಒಂದೆರಡು ಮಳೆಗಾಲ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಈ ಗೋಡೆಗಳ ಬುಡದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ನೀರು ಉಪ್ಪನ್ನೂ ಹೊತ್ತುಕೊಂಡು ಇಟ್ಟಂಗಿಯೊಳಗೆ ಏರುತ್ತದೆ. ಸುಣ್ಣದ ಗಾರೆ ಮೆತ್ತಗಿನದು, ಅದರ ಮೂಲಕ ತೇವ ಆರಿ ಹೋಗುತ್ತದೆ. ಸಿಮೆಂಟ್ ಬಳಿದರೆ ಆ ದಾರಿ ಬಂದ್. ಸೇಡಂ ಕಡೆಯ ಒಂದು ಶಾಲೆಯಲ್ಲಿ ಮೊಣಕಾಲೆತ್ತರದ ಸಿಮೆಂಟ್ ಗಿಲಾವು ತಟ್ಟಿದರೆ ಡಬ್ ಡಬ್ ಅನ್ನುತ್ತಿತ್ತು. ಕಿತ್ತು ನೋಡಿದೆವು. ಅದರ ಬೆನ್ನಿಗೆ ಇಟ್ಟಂಗಿಯ ಮುಖವೂ ಬೆರಳು ದಪ್ಪ ಎದ್ದು ಬಂತು, ಹಿಂದೆ ಬಿಳಿ ಉಪ್ಪಿನ ಪುಡಿ. ಹೊರಗೆ ನೋಡಿದರೆ ಶಹಾಬಾದ್ ಕಲ್ಲು ಹಾಸಿದ್ದಾರೆ, ಇಳಿಜಾರು ಮಾತ್ರ ಗೋಡೆ ಕಡೆಗೇ! ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿಯೂ ಅಲ್ಲೇ.

ಹಾಗಾಗಿ ಮೊದಲ ಖರ್ಚು ಗೋಡೆಗಲ್ಲ, ನೀರಿಗೆ. ನಲ್ಲಿ ದೂರ ಸರಿಸಿ, ಇಳಿಜಾರು ತಿರುಗಿಸಿ, ಮಾಳಿಗೆ ನೀರು ಬುಡಕ್ಕೆ ಬೀಳದಂತೆ ಮಾಡಿ. ಆಮೇಲೆ ಸಿಮೆಂಟ್ ಕಿತ್ತು, ಗೋಡೆ ಆರಲು ಬಿಟ್ಟು, ಸುಣ್ಣ, ಮರಳು, ಸುರ್ಕಿಯ (ಇಟ್ಟಂಗಿ ಪುಡಿಯ) ಗಾರೆ ಹಾಕಿಸಿ.

"ಸುಣ್ಣಕ್ಕೆ ಗಟ್ಟಿತನ ಎಲ್ಲಿ?" ಅನ್ನುವ ಎಂಜಿನಿಯರ್‌ಗಳೂ ಇದ್ದಾರೆ. ಬೀದರ್‌ನ ಮಹಮೂದ್ ಗವಾನ್ ಮದರಸಾ 1472ರದ್ದು. ಅದರ ಮುಂಭಾಗ ಬಿದ್ದದ್ದು ಸುಣ್ಣದ ಗಾರೆ ಸೋತು ಅಲ್ಲ, ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು.

ಬಿರುಕಿನ ಮಾತು ಬೇರೆ. ನಮ್ಮದು ಎರೆ ಭೂಮಿ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ವರ್ಷದೊಳಗೆ ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ. ಗೋಡೆ ಹೊರಕ್ಕೆ ವಾಲಿದ್ದರೆ, ತೊಲೆ ಜಾರಿದ್ದರೆ ಮಾತ್ರ ಕಾಯಬೇಡಿ. ಅವತ್ತೇ ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ.

ಇನ್ನು ಕೆಲಸದ ಹೊತ್ತು. ಬೇಸಿಗೆ ರಜೆಯಲ್ಲೇ ಮುಗಿಸಿ ಅಂತ ಎಲ್ಲರೂ ಅವಸರ ಮಾಡುತ್ತಾರೆ. ನಮ್ಮ ಮೇ ಬಿಸಿಲಿಗೆ ಹಸಿ ಗಾರೆ ಗಟ್ಟಿಯಾಗುವ ಮೊದಲೇ ಒಣಗಿ ಸೀಳುತ್ತದೆ. ಸುಣ್ಣದ ಕೆಲಸ ಗೊತ್ತಿರುವ ಹಿರಿಯ ಗೌಂಡಿಯನ್ನು ಈಗಲೇ ಹುಡುಕಿಡಿ, ಕೆಲಸ ದಸರಾ ರಜೆಗೆ ಶುರುವಾಗಲಿ.